ನಗ್ತಾ ಇರೋ ಫೋಟೋ ಕೊಡಿ

"ಅಮ್ಮ, ಒಂದು ಒಳ್ಳೆ ಫೋಟೋ ಇದ್ರೆ ಕೊಡಿ. ನಗ್ತಾ ಇರೋದು ಸಿಕ್ಕಿದ್ರೆ ಇನ್ನೂ ಒಳ್ಳೇದು," ಎಂದಳು ಟಿವಿಯ ಹುಡುಗಿ ದೀಪಶ್ರೀ.

ಪಿಳ್ಳಮ್ಮ ಮಗನನ್ನು ಮಣ್ಣು ಮಾಡಿದ ಮಾರನೇ ದಿನ ಅದು. ಮುನೀಂದ್ರ ಗೂಡ್ಸ್ ಆಟೋ ಓಡಿಸುತ್ತಿದ್ದವನು. ಪೊಲೀಸರು ತಪಾಸಣೆಗೆ ಕೈ ಅಡ್ಡ ಹಾಕಿದರೆ ನಿಲ್ಲಿಸಲಿಲ್ಲವಂತೆ, ಆಮೇಲೆ ಇಳಿದು ಮಚ್ಚು ಹಿಡಿದು ಮೇಲೆ ಬಿದ್ದನಂತೆ, ಎಸ್‌ಐ ಜೀವ ಉಳಿಸಿಕೊಳ್ಳಲು ಗುಂಡು ಹಾರಿಸಿದರಂತೆ. ಬರೀ ಅಂತೆಗಳೇ! ಆ ಮಚ್ಚನ್ನು ಕಣ್ಣಾರೆ ಕಂಡವರು ಪೊಲೀಸರನ್ನು ಬಿಟ್ಟರೆ ಇನ್ನೊಬ್ಬರಿಲ್ಲ.

"ನಿಮ್ಮ ಮಗನ್ನ ರೌಡಿ ಅಂತ ಮಾಡ್ಬಿಟ್ರೆ ಎಸ್‌ಐ ಮೇಲೆ ಕೇಸೇ ಆಗಲ್ಲ ಅಮ್ಮ. ಸಂಜೆ ನಮ್ಮಲ್ಲಿ ಚರ್ಚೆ ಇದೆ. ಜನ ನಿಮ್ಮ ಮಗನ ಮುಖ ನೋಡ್ಬೇಕು."

ಪಿಳ್ಳಮ್ಮನಿಗೆ ಬೇಕಾಗಿದ್ದೂ ಅದೇ. ಹೋದ ಜೀವ ಹೋಯಿತು, ಅಂಟಿಕೊಂಡ ಕೆಟ್ಟ ಹೆಸರಾದರೂ ಕಳಚಲಿ. ಮಗಳು ಲಾವಣ್ಯ ನಾಳಿನ ಹಾಲು-ತುಪ್ಪಕ್ಕೆ ಸಾಮಾನು ತರಲು ಜಿಗಣಿ ಸರ್ಕಲ್ಲಿಗೆ ಹೋಗಿದ್ದಳು, ಮುನೀಂದ್ರನ ಫೋನು ಪೊಲೀಸರ ವಶದಲ್ಲಿತ್ತು. ಮನೆಯಲ್ಲಿದ್ದದ್ದು ಆಧಾರ್ ಕಾರ್ಡಿನ ಫೋಟೋ. ಅಯ್ಯೋ, ಅದರಲ್ಲಿ ದೇವರಂಥವನೂ ಕಳ್ಳನ ಹಾಗೆ ಕಾಣುತ್ತಾನೆ! ಕೊನೆಗೆ ಬೀರುವಿನಲ್ಲಿ ಸೀರೆಗಳ ನಡುವೆ ಜೋಪಾನ ಮಾಡಿಟ್ಟಿದ್ದ ಒಂದು ಫೋಟೋ ತಂದಳು. ಹೋದ ವರ್ಷದ ಹುಟ್ಟುಹಬ್ಬದ್ದು. ಕಾರ್ಖಾನೆ ಗೇಟಿನ ಎದುರು ಅವಳದೇ ಎಳನೀರು ಗಾಡಿ, ಗಾಡಿಯ ಮೇಲೆ ಕೇಕು, ಸುತ್ತ ಸ್ನೇಹಿತರು, ಕೆನ್ನೆ ತುಂಬ ಕ್ರೀಮು ಮೆತ್ತಿಸಿಕೊಂಡು ಬಾಯ್ತುಂಬ ನಗುತ್ತಿದ್ದ ಮುನೀಂದ್ರ.

ದೀಪಶ್ರೀ ಕೊಂಚ ಹಿಂದೆಮುಂದೆ ನೋಡಿದಳು. "ಅಮ್ಮ, ಕೈಯಲ್ಲಿ ಮಚ್ಚಿದೆಯಲ್ಲಾ?"

"ಅದು ನಂದೇ ಕಣವ್ವ, ಎಳ್ನೀರು ಕೆತ್ತೋದು."

ಪಿಳ್ಳಮ್ಮ ಬದುಕಿನುದ್ದಕ್ಕೂ ಹಿಡಿದ ಮಚ್ಚು ಅದು. ಅವಳ ಕಣ್ಣಿಗೆ ಅದು ಅಡುಗೆಮನೆಯ ಸೌಟಿದ್ದ ಹಾಗೆ, ಅದರಲ್ಲಿ ಹೆದರುವಂಥದ್ದೇನು ಕಂಡೀತು ಪಾಪ. ದೀಪಶ್ರೀಯೂ ಕೆಟ್ಟವಳಲ್ಲ. "ಮುಖ ಮಾತ್ರ ಕತ್ತರಿಸಿ ಹಾಕಿಸ್ತೀನಿ ಬಿಡಿ," ಎಂದು ಮೊಬೈಲಿನಲ್ಲಿ ಚಿತ್ರ ಹಿಡಿದುಕೊಂಡು, ಪಿಳ್ಳಮ್ಮನ ಕೈ ಹಿಸುಕಿ ಹೊರಟಳು. ಆ ಮಾತನ್ನು ಅವಳು ಮನಸ್ಸಿನಿಂದಲೇ ಆಡಿದ್ದಳು.

ಸಂಜೆ ಲಾವಣ್ಯ ಟಿವಿ ಹಾಕಿದಳು. ಪರದೆಯ ತುಂಬ ಅದೇ ಫೋಟೋ, ಮುಖಕ್ಕಲ್ಲ, ಮಚ್ಚಿಗೆ ಕೆಂಪು ಸುತ್ತು ಹಾಕಿದ್ದರು. ಪಕ್ಕದಲ್ಲಿ ಸಾಲಾಗಿ ಕೂತ ಜನ, ಒಬ್ಬರ ಬಾಯಿಗೂ ಬೀಗವಿಲ್ಲ. ಲಾಯರೊಬ್ಬರು, "ಗುಂಡು ಹಾರಿಸಿದ ಬಗ್ಗೆ ಮೊದಲು ತನಿಖೆ ಆಗಲಿ," ಎಂದು ಗಂಟಲು ಹರಿದುಕೊಳ್ಳುತ್ತಿದ್ದರು. ನಿವೃತ್ತ ಅಧಿಕಾರಿಯೊಬ್ಬರು, "ಮಚ್ಚಲ್ಲಿ ಕೇಕ್ ಕತ್ತರಿಸೋರಿಗೆ ಹೂವಿನ ಹಾರ ಹಾಕ್ಬೇಕಿತ್ತಾ?" ಎಂದು ನಕ್ಕರು.

"ಅಮ್ಮಾ, ಯಾಕಮ್ಮ ಆ ಫೋಟೋ ಕೊಟ್ಟೆ?"

"ಅವ್ನು ನಕ್ಕಿರೋದು ಅದೊಂದ್ರಲ್ಲೇ ಕಣೆ..." ಅಷ್ಟರಲ್ಲಿ ಫೋನು ಬಂತು. ದೀಪಶ್ರೀ. "ಅಮ್ಮ, ನಾನು ಬೇಡ ಅಂದ್ರೂ ಆಫೀಸಲ್ಲಿ ಪೂರ್ತಿ ಹಾಕ್ಬಿಟ್ರು. ಈಗ ನಿಮ್ಮನ್ನೇ ಲೈವಲ್ಲಿ ಮಾತಾಡಿಸ್ತಾರೆ. ಮಚ್ಚು ಯಾಕಿತ್ತು ಅಂತ ಇದ್ದದ್ದು ಇದ್ದ ಹಾಗೆ ಹೇಳ್ಬಿಡಿ."

ಲಾವಣ್ಯ ಬೇಡವೆಂದು ಕೈಯಾಡಿಸಿದಳು. ಪಿಳ್ಳಮ್ಮ ಕೇಳಲಿಲ್ಲ. ಮಗನ ಪರವಾಗಿ ಮಾತಾಡಲು ಇದ್ದವಳು ಅವಳೊಬ್ಬಳೇ.

"ಹೇಳಿ ಅಮ್ಮ, ಆ ಮಚ್ಚು ಯಾರದು?" ಟಿವಿಯಲ್ಲಿ ಚರ್ಚೆ ನಡೆಸುತ್ತಿದ್ದವನ ದನಿ ಫೋನಿನಲ್ಲಿ ಗುಡುಗಿತು.

"ನಂದೇ ಸ್ವಾಮಿ. ಎಳ್ನೀರು..."

"ಮಗನ ಕೈಗೆ ಕೊಟ್ಟಿದ್ದು ಯಾರು? ಅದನ್ನ ಹೇಳಿ."

"ನಾನೇ ಕೊಟ್ಟೆ. ಆ ಪಿಲಾಸ್ಟಿಕ್ ಚಾಕು..."

"ಕೇಳಿದ್ರಲ್ಲ ವೀಕ್ಷಕರೇ! ಒಂದು ಸಣ್ಣ ವಿರಾಮ."

ಟಿವಿಯಲ್ಲಿ ಸೋಪಿನ ಜಾಹೀರಾತು ಶುರುವಾಯಿತು, ಪಿಳ್ಳಮ್ಮ ಅತ್ತ ನೋಡಲೇ ಇಲ್ಲ. ಕಣ್ಣು ಮುಚ್ಚಿ, ಫೋನನ್ನು ಕಿವಿಗೊತ್ತಿಕೊಂಡು ಹೇಳುತ್ತಲೇ ಹೋದಳು. "...ಚಾಕು ಮುರ್ದೋಯ್ತು ಸ್ವಾಮಿ. ಉಡುಗ್ರು ಕೇಕ್ನ ಕೈಯಲ್ಲೇ ಕೀಳಕ್ ಓದ್ರು. ನಾನೇ ಮಚ್ಚು ತೊಳ್ದು, ಸೆರಗಲ್ಲಿ ಒರ್ಸಿ ಕೊಟ್ಟೆ. ಮೊದ್ಲು ತುಂಡು ನನ್ ಬಾಯಿಗೇ ಇಟ್ಟ. ಒಂದು ಕೋಳಿ ಕುಯ್ಯಕ್ಕೂ ಇನ್ನೊಬ್ಬುರ್ನ ಕರೀತಿದ್ದ ನನ್ ಮಗ. ಅಂತೋನು ರೌಡಿಯಾ? ನೀವೇ ಯೋಚ್ನೆ ಮಾಡಿ." ಅಷ್ಟೂ ಹೇಳಿ ಮುಗಿಸಿದಾಗ ಎದೆಯ ಮೇಲಿನ ಚಪ್ಪಡಿ ಇಳಿದಂತಾಯಿತು ಅವಳಿಗೆ. ಫೋನು ಆಗಲೇ ಕಟ್ಟಾಗಿತ್ತೆಂದು ಲಾವಣ್ಯ ಹೇಳಲಾರದೆ ಹೋದಳು.

ವಿರಾಮ ಮುಗಿದು ಚರ್ಚೆ ಮತ್ತೆ ಬಂತು. ಪರದೆಯ ಅಡಿಯಲ್ಲಿ ಕೆಂಪು ಪಟ್ಟಿ ಓಡತೊಡಗಿತು: 'ರೌಡಿ ಕೈಗೆ ಮಚ್ಚು ಕೊಟ್ಟಿದ್ದು ಹೆತ್ತ ತಾಯಿಯೇ!' ಒಂದೊಂದೇ ಅಕ್ಷರ ಕೂಡಿಸಿ ಓದುವ ಪಿಳ್ಳಮ್ಮನಿಗೆ 'ತಾಯಿ' ಎಂಬುದೊಂದು ಸಿಕ್ಕಿತು, ಮಿಕ್ಕಿದ್ದು ಓಡಿಹೋಯಿತು.

"ನನ್ ಮಾತೇನೆ ಅದು? ಆಕವ್ರಾ?"

ಲಾವಣ್ಯ ಸೆರಗನ್ನು ಬಾಯಿಗೊತ್ತಿಕೊಂಡಳು. "ಹಾಕಿದ್ದಾರಮ್ಮ," ಎಂದಳು.

"ಸದ್ಯ," ಎಂದು ಪಿಳ್ಳಮ್ಮ ಕಣ್ಣೊರೆಸಿಕೊಂಡಳು. "ನಮ್ಮಂತೋರ ಮಾತ್ನೂ ಕೇಳೋರವ್ರೆ."