ಸರಿಯಾದ ಅಳತೆ

ಹುಡುಗಿ ಕಪ್ಪು ಶೂ ತೊಟ್ಟು ನಿಂತಿದ್ದಳು. ಅಂಗಡಿಯವನು ಮಂಡಿಯೂರಿ ಕೂತು ಶೂವಿನ ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ.

"ಬೆಳೆಯೋ ಮಗು ಅಮ್ಮ, ಒಂದು ಸೈಜ್ ದೊಡ್ಡದೇ ತಗೊಳ್ಳಿ. ಮುಂದೆ ಒಂಚೂರು ಹತ್ತಿ ತುರುಕಿದ್ರೆ ಆಯ್ತು."

"ಬೇಡಣ್ಣ, ಸರಿಯಾಗಿ ಕೂರೋದೇ ಕೊಡಿ," ಎಂದಳು ತಾಯಿ. "ಶೂ ಸರಿಯಿಲ್ದಿದ್ರೆ ಮಕ್ಕಳ ಪಾದ ಸೊಟ್ಟಗಾಗುತ್ತಂತೆ."

ಅವನಿಗೆ ಖುಷಿಯಾಯಿತು. ಇಷ್ಟು ಕಾಳಜಿಯ ತಾಯಂದಿರು ಅವನ ಅಂಗಡಿಗೆ ಬರುವುದು ಅಪರೂಪ. ಬೇಸರಿಸದೆ ಜೊತೆಯ ಮೇಲೆ ಜೊತೆ ಬದಲಾಯಿಸಿದ. ಕೊನೆಯದನ್ನು ಹಾಕಿಕೊಂಡ ಹುಡುಗಿ ಅಂಗಡಿಯ ಉದ್ದಕ್ಕೂ ನಡೆದಳು, ಓಡಿದಳು, ಕನ್ನಡಿಯ ಮುಂದೆ ಒಮ್ಮೆ ಕುಣಿದೂ ಬಿಟ್ಟಳು.

"ಬೆರಳು ಒತ್ತುತ್ತೇನೇ?" ತಾಯಿ ಕೇಳಿದಳು.

"ಇಲ್ಲಮ್ಮ."

"ಹಿಮ್ಮಡಿ?"

"ಇಲ್ಲ. ತುಂಬಾ ಚೆನ್ನಾಗಿದೆ."

ತಾಯಿ ಯಾಕೋ ಮುಖ ಆಚೆ ತಿರುಗಿಸಿಕೊಂಡಳು. ಅಂಗಡಿಯವನು ಹುಡುಗಿಯ ಸವೆದ ಹವಾಯಿ ಚಪ್ಪಲಿಯನ್ನು ಕೈಗೆತ್ತಿಕೊಂಡ. "ಇದನ್ನ ಕವರಿಗೆ ಹಾಕ್ತೀನಿ ಪುಟ್ಟಿ, ನೀನು ಶೂ ಹಾಕ್ಕೊಂಡೇ ಹೋಗು."

ಹುಡುಗಿ ಕೂತು ಶೂ ಬಿಚ್ಚಿದಳು. ತಳಕ್ಕೆ ಹತ್ತಿದ್ದ ಧೂಳನ್ನು ಲಂಗದ ಅಂಚಿನಿಂದ ಒರೆಸಿದಳು.

"ಬೇಡ ಅಂಕಲ್, ಡಬ್ಬಿಗೇ ಹಾಕಿ. ಇದು ಅಮ್ಮ ಪಾತ್ರೆ ತೊಳೆಯೋ ಮನೆಯ ಹುಡುಗಿಗೆ. ಅವಳ ಕಾಲೂ ನನ್ನ ಕಾಲಷ್ಟೇ ಇದೆ."