ಬಾನೆಟ್ಟಿನೊಳಗಿನ ಹಳದಿ ಬಳೆ

ಕಾದ ಅರಗಿನ ವಾಸನೆ ಬಂದರೆ ನನಗೆ ಇಂದಿಗೂ ನೆನಪಾಗುವುದು ಬೊಂಬೆಯಲ್ಲ, ನಮ್ಮ ಹಳೆಯ ಪುಟ್ಟ ಕಾರು.

ಒಂದು ದಿನ ಅಪ್ಪನ ತಂಗಿ, ಬಸುರಿ ಅತ್ತೆಯನ್ನು ಹೊಂಗನೂರಿನಿಂದ ತವರಿಗೆ ಕರೆತರಬೇಕಿತ್ತು. ಕಾರಿನ ಬ್ಯಾಟರಿಗೆ ಕರೆಂಟು ತುಂಬುವ ಆಲ್ಟರ್ನೇಟರ್ ಕೆಟ್ಟಿತ್ತು. ಅಪ್ಪ ರಾಮನಗರದ ಗುಜರಿಯೆಲ್ಲ ತಡಕಿ ಬೇರೆ ಕಾರಿನದೊಂದನ್ನು ತಂದರು. ಕೂರಿಸಿದರೆ ಬೋಲ್ಟಿನ ಬಳಿ ಬೆರಳಗಲ ಸಂದು. ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುತ್ತಿದ್ದ ತಾತ ಆ ಸಂದಿಗೆಂದು ಮರದ ಬಳೆಯೊಂದನ್ನು ಕಡೆದು, ಹಳದಿ ಅರಗು ಹಚ್ಚಿ ಮಿರುಗಿಸಿ ಕೊಟ್ಟರು.

“ಬಾನೆಟ್ ಒಳಗಿರದ್ಕೆ ಬಣ್ಣ ಯಾಕಪ್ಪಾ? ಯಾರ್ ನೋಡ್ತಾರೆ?” ಅಂದರು ಅಪ್ಪ.

“ಬರೀ ಮರ ಯಾರ್ಗೂ ಕೊಟ್ಟೋನಲ್ಲ ಕಣ್ಲಾ ನಾನು,” ಅಂದರು ತಾತ.

ಹೊಂಗನೂರು ಮುಟ್ಟುವಷ್ಟರಲ್ಲಿ ಅರಗು ಕರಗಿ ಕಾರೆಲ್ಲ ಘಮ್ಮೆಂದಿತು. ಅತ್ತೆ ಮೂಗರಳಿಸಿ, “ಅಪ್ಪಯ್ಯನೂ ಬಂದೈತಾ?” ಎಂದಳು.

ಮರುದಿನ ಅಪ್ಪ ಅದೇ ಅಳತೆಗೆ ಕಬ್ಬಿಣದ ಬಳೆ ಹಾಕಿಸಿದರು. ವಾರದ ಮೇಲೆ ಬಾನೆಟ್ ಎತ್ತಿದರೆ ಅದೂ ಹಳದಿ. ತಾತ ಜಗಲಿಯಲ್ಲಿ ವೀಳ್ಯದೆಲೆಗೆ ಸುಣ್ಣ ಸವರುತ್ತ ಕೂತಿದ್ದರು.