ಬಂದೆ ಉಮ್ಮಾ

"ನಬೀಸಾ... ಗಂಜಿ ಆರುತ್ತದೆ, ಬಾ ಮಗಳೇ."

ಮಲೇರಿಯಾ ಹಿಡಿದು ಕಿಟಕಿಯ ಪಕ್ಕ ಮಲಗಿದ್ದ ಕಜೆಟನ್‌ಗೆ ಎಚ್ಚರವಾಯಿತು. ಕರೆದವರು ಪಕ್ಕದ ಮನೆಯ ಆಸಿಯಮ್ಮ. ಅವರ ಒಬ್ಬಳೇ ಮಗಳು ನಬೀಸಾ ತೀರಿಕೊಂಡು ವರ್ಷ ಕಳೆದಿತ್ತು. ಹೆಣ ಹೊತ್ತವರ ಹಿಂದೆ ಕಜೆಟನ್ ಕೂಡ ಕಟಪಾಡಿಯ ಮಸೀದಿಯವರೆಗೆ ನಡೆದಿದ್ದ.

"ಬಂದೆ ಉಮ್ಮಾ!"

ಎಳೆಯ ದನಿ. ಬಂದದ್ದು ಅವನದೇ ಅಡಿಗೆಮನೆಯಿಂದ. ಅತ್ತ ಆಸಿಯಮ್ಮ ನಗುತ್ತಾ ಒಳಗೆ ಹೋದರು.

ಕಜೆಟನ್ ಗೋಡೆ ಹಿಡಿದುಕೊಂಡು ಅಡಿಗೆಮನೆಗೆ ಹೋಗಿ ನೋಡಿದರೆ, ಹೆಂಡತಿ ಒಲಿಂಡಾ ಒಬ್ಬಳೇ ಮೀನು ಕೊಯ್ಯುತ್ತಿದ್ದಳು.

"ಈಗ ಮಾತಾಡಿದ್ದು ಯಾರು?"

"ನಾನೇ. ನೀವು ಎಂತಕ್ಕೆ ಎದ್ದದ್ದು?"

"ಸತ್ತವಳ ಸ್ವರದಲ್ಲಿಯಾ?"

ಒಲಿಂಡಾ ಕತ್ತಿ ಕೆಳಗಿಟ್ಟಳು. "ಗಂಡ ಹಸೈನಾರ್ ಸಾಹೇಬರು ಮನೆಯಲ್ಲಿದ್ದರೆ ಗದರುತ್ತಾರೆ, ಅದಕ್ಕೆ ಆಸಿಯಮ್ಮ ಬಾಯಿ ಬಿಡುವುದಿಲ್ಲ. ಅವರು ಅಂಗಡಿಗೆ ಹೋದ ದಿನವೆಲ್ಲ ಕರೆಯುತ್ತಾರೆ. ಯಾರಾದರೂ ಓಗೊಟ್ಟರೆ ಒಳಗೆ ಹೋಗಿ ಉಣ್ಣುತ್ತಾರೆ. ಒಮ್ಮೆ ಯಾರೂ ಮಾತಾಡಲಿಲ್ಲ, ಬಾವಿಗೆ ಬಗ್ಗಿ ಕರೆಯಲಿಕ್ಕೆ ಶುರು ಮಾಡಿದರು. ಎದುರು ಮನೆಯ ಸುಗಂಧಿ ಓಡಿಹೋಗಿ ಹಿಡಿದುಕೊಂಡದ್ದು. ಆಮೇಲೆ ನಾವು ಹೆಂಗಸರು ಯಾರಾದರೊಬ್ಬರು ಓಗೊಡುತ್ತೇವೆ."

"ನನಗೆ ಇದೆಲ್ಲ ಗೊತ್ತೇ ಇಲ್ಲ!"

"ಆ ಹೊತ್ತಿಗೆ ನೀವು ಬೇಂಕಿನಲ್ಲಿ ಇರುತ್ತೀರಿ ಅಲ್ವಾ?"

ಮರುದಿನ ಒಲಿಂಡಾ ಮದ್ದು ತರಲು ಉಡುಪಿಗೆ ಹೋದಳು. "ಇವತ್ತು ಸುಗಂಧಿ ಇದ್ದಾಳೆ" ಎಂದು ಹೇಳಿಯೇ ಹೊರಟಿದ್ದಳು. ಆದರೆ ತವರಿನಿಂದ ಯಾರೋ ಬಂದು ಸುಗಂಧಿಯನ್ನು ಅವಸರದಲ್ಲಿ ಕರೆದುಕೊಂಡು ಹೋದದ್ದು ಕಜೆಟನ್‌ಗೆ ಕಿಟಕಿಯಿಂದ ಕಂಡಿತು. ಎದುರು ಮನೆಗೆ ಬೀಗ ಬಿತ್ತು.

"ನಬೀಸಾ..."

ಒಂದು ಬಾಗಿಲೂ ಅಲುಗಲಿಲ್ಲ. ಬಿಸಿಲಿಗೆ ಕಾಗೆ ಕೂಡ ಕೂಗುತ್ತಿರಲಿಲ್ಲ. ಕರೆ ಮತ್ತೆ ಬಂತು, ಇನ್ನಷ್ಟು ಜೋರಾಗಿ. ಆಸಿಯಮ್ಮ ಅಂಗಳ ದಾಟಿದರು. ಬಾವಿಕಟ್ಟೆಗೆ ಎರಡೂ ಕೈ ಊರಿ ಬಗ್ಗಿದರು. ತಲೆಯ ಮುಸುಕು ಜಾರಿ ಬಾವಿಯೊಳಕ್ಕೆ ಜೋತುಬಿತ್ತು.

ಓಡಿಹೋಗಲು ಕಜೆಟನ್‌ನ ಕಾಲಿನಲ್ಲಿ ಬಲವಿರಲಿಲ್ಲ. ಆದಷ್ಟು ಸಣ್ಣ ಸ್ವರ ಮಾಡಿ ಕೂಗಿದ.

"ಬಂದೆ... ಉಮ್ಮಾ."

ಆಸಿಯಮ್ಮ ತಟ್ಟನೆ ತಲೆ ಎತ್ತಿದರು. ಮನೆಯೊಳಗೆ ಹೋಗಲಿಲ್ಲ. ದನಿ ಬಂದ ಕಡೆಗೇ ನಡೆದು ಬರತೊಡಗಿದರು. ಕಜೆಟನ್ ಕಂಬಳಿಯನ್ನು ತಲೆಯವರೆಗೆ ಎಳೆದುಕೊಂಡ. ಕಿಟಕಿಯ ಸರಳುಗಳ ನಡುವಿನಿಂದ ತಣ್ಣನೆಯ ಕೈಯೊಂದು ಒಳಗೆ ಬಂತು. ಮೆಲ್ಲನೆ ಕಂಬಳಿ ಸರಿಸಿ ಅವನ ಹಣೆ ಮುಟ್ಟಿತು.

"ಪುನಃ ಜ್ವರ ಬಂತಾ ಮಗಳೇ? ಹೆದರಬೇಡ. ಈ ಸಲ ನಾನು ನಿನ್ನನ್ನು ಬಿಡುವುದಿಲ್ಲ."